ಊರೊಟ್ಟು: ಮಳವಳ್ಳಿ ಸೀಮೆಯ ಹಳ್ಳಿಗಳ ಕಟ್ಟುಪಾಡು

ಮಳವಳ್ಳಿಯ ಹೆಸರು ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ೧೭೯೯ನೆಯ ಇಸವಿ ಮಾರ್ಚಿ ೨೭ರಂದು ಜನರಲ್ ಹ್ಯಾರಿಸನ ಸೈನ್ಯವೂ ಟಿಪ್ಪೂ ಸುಲ್ತಾನನ ಸೈನ್ಯವೂ ಆ ಊರಿನ ಬಯಲಿನಲ್ಲಿ ಸಂಧಿಸಿದುವೆಂದೂ, ಸುಲ್ತಾನನು ಹಿಮ್ಮೆಟ್ಟಿದನೆಂದೂ, ಆರು ವಾರಗಳೊಳಗಾಗಿ ಶ್ರೀರಂಗಪಟ್ಟಣವು ಬಿದ್ದಿತೆಂದೂ ಓದಿ ನಾವು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ದಂಡು ಹಾದುಹೋದ ಮೇಲೆ ಆ ಬಯಲಿನ ಸುತ್ತಣ ಹಳ್ಳಿಗಳಲ್ಲಿ ಏನಾಯಿತೆಂದು ವಿಚಾರಿಸುವ ಅಭ್ಯಾಸ ನಮಗಿಲ್ಲ. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಮೊದಲು ಯಾರ ಗದ್ದೆಗೆ ನೀರು ಹರಿಯಬೇಕು, ಎತ್ತು ಸತ್ತವನ ಹೊಲವನ್ನು ಯಾರು ಉತ್ತುಕೊಡಬೇಕು, ಮಾರಿಯ ಹಬ್ಬಕ್ಕೆ ಯಾವ ಮನೆಯಿಂದ ಎಷ್ಟು ವರಾಡ ಎತ್ತಬೇಕು ಎಂಬ ಪ್ರಶ್ನೆಗಳನ್ನು ಹ್ಯಾರಿಸನೂ ಬಿಡಿಸಲಿಲ್ಲ, ಸುಲ್ತಾನನೂ ಬಿಡಿಸಲಿಲ್ಲ. ಅವುಗಳನ್ನು ಬಿಡಿಸಿದ್ದು ಊರು.

ಊರೆಂದರೆ ಇಲ್ಲಿ ಮನೆಗಳ ಗುಂಪು ಮಾತ್ರವಲ್ಲ. ಈ ಸೀಮೆಯ ಜನರು "ಊರು ಒಪ್ಪಲಿಲ್ಲ", "ಊರಿಗೆ ತಪ್ಪು ಕಟ್ಟಿದ", "ಊರೊಟ್ಟಿನ ಕೆಲಸ" ಎಂದು ಆಡುವಾಗ, ಊರಿಗೆ ಒಂದು ಮನಸ್ಸೂ ಒಂದು ನಾಲಗೆಯೂ ಇರುವಂತೆಯೇ ಆಡುತ್ತಾರೆ. ಆ ಮನಸ್ಸು ಹೇಗೆ ಕಟ್ಟಲ್ಪಟ್ಟಿತ್ತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಈ ದಿನ ನಾವು ವಿಚಾರಮಾಡೋಣ.

ಜನರು ಒಟ್ಟಾಗಿ ನಿಲ್ಲುವುದು ಏತರಿಂದ ಎಂಬ ಪ್ರಶ್ನೆಯನ್ನು ಶಾಸ್ತ್ರದ ಮಟ್ಟಕ್ಕೆ ಎತ್ತಿದವರಲ್ಲಿ ಟ್ಯೂನಿಸಿನಲ್ಲಿ ಹುಟ್ಟಿದ ಇಬ್ನ್ ಖಲ್ದೂನನು ಅಗ್ರಗಣ್ಯನು. ೧೩೭೭ರಲ್ಲಿ ಆತನು ಬರೆದ ಚರಿತ್ರೆಯ ಪೀಠಿಕೆಯಲ್ಲಿ 'ಅಸಬಿಯ್ಯ' ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಒಬ್ಬನಿಗೆ ಆದ ಅನ್ಯಾಯವು ತನಗೇ ಆಯಿತೆಂದು ಕುಲದವರೆಲ್ಲರೂ ಮೇಲೇಳುವ ಭಾವಕ್ಕೆ ಆ ಹೆಸರು. ಅದರ ಮೂಲವು ರಕ್ತಸಂಬಂಧವೆಂದೂ, ಮರುಭೂಮಿಯ ಕಠಿಣ ಜೀವನದಲ್ಲಿ ಅದು ಬಲವಾಗಿದ್ದು ಪಟ್ಟಣದ ಸುಖದಲ್ಲಿ ಕರಗುವುದೆಂದೂ ಆತನ ಅಭಿಪ್ರಾಯ. ಈ ಮಾತಿಗೆ ನಿದರ್ಶನವಾಗಿ ಆಫ್ರಿಕದ ಮೂಡಣ ಕೋಡಿನಲ್ಲಿರುವ ಸೊಮಾಲಿ ಜನರನ್ನು ನೋಡಬಹುದು. ಒಂಟೆ ಕುರಿಗಳನ್ನು ಅಟ್ಟಿಕೊಂಡು ಮಳೆಯ ಹಿಂದೆ ಅಲೆಯುತ್ತಿದ್ದ ಇವರ ವಿಷಯವಾಗಿ ಐ. ಎಂ. ಲೂಯಿಸನು ೧೯೬೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಏರ್ಪಾಡು ವರ್ಣಿತವಾಗಿದೆ. ಒಬ್ಬನೇ ಮೂಲಪುರುಷನಿಂದ ಬಂದ ಕೆಲವು ನೂರರಿಂದ ಕೆಲವು ಸಾವಿರ ಗಂಡಸರು ಸೇರಿ ಒಂದು ಕೂಟವಾಗಿರುತ್ತಾರೆ. ಅವರಲ್ಲಿ ಒಬ್ಬನು ಪರರನ್ನು ಕೊಂದರೆ ಎಲ್ಲರೂ ಸೇರಿ ದಂಡವನ್ನು ತೆರಬೇಕು. ಅವರಲ್ಲಿ ಒಬ್ಬನು ಸತ್ತರೆ ಬಂದ ದಂಡವನ್ನು ಎಲ್ಲರೂ ಹಂಚಿಕೊಳ್ಳಬೇಕು. ಗಂಡಸಿನ ಪ್ರಾಣಕ್ಕೆ ನೂರು ಒಂಟೆ, ಹೆಂಗಸಿನ ಪ್ರಾಣಕ್ಕೆ ಐವತ್ತು ಎಂಬುದು ರೂಢಿಯ ದರ. ಈ ಕರಾರಿಗೆ 'ಹೇರ್' ಎಂದು ಹೆಸರು. ಗಂಡಸರೆಲ್ಲ ಮರದ ನೆರಳಿನಲ್ಲಿ ಕುಳಿತು ಮಾತಾಡಿ ತೀರ್ಮಾನಿಸುವ ಸಭೆಯು 'ಶಿರ್'.

ಮರದ ನೆರಳು ಎಂದೊಡನೆ ನಮಗೆ ಅರಳಿಯ ಕಟ್ಟೆ ನೆನಪಾಗುವುದು ಸಹಜವೇ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ ಭೇದವನ್ನು ನೋಡಬೇಕು. ಸೊಮಾಲಿಯವನು ತನ್ನ ಬಂಧುಗಳೊಡನೆ ಒಂಟೆಯನ್ನು ಅಟ್ಟಿಕೊಂಡು ಎಲ್ಲಿಗೆ ಹೋದರೂ ಅವನ ಕೂಟವು ಅವನ ಸಂಗಡಲೇ ಹೋಗುತ್ತದೆ. ನೆಲಕ್ಕೂ ಅದಕ್ಕೂ ಗಂಟಿಲ್ಲ. ಮಳವಳ್ಳಿಯ ಒಕ್ಕಲಿಗನ ಕೂಟವಾದರೋ ಕೆರೆಯ ಏರಿಯ ಕೆಳಗೆ ಬೇರುಬಿಟ್ಟಿರತಕ್ಕದ್ದು. ಇಲ್ಲಿ ಒಟ್ಟಿಗೆ ನಿಂತವರು ಒಂದು ರಕ್ತದವರಲ್ಲ. ಪರಸ್ಪರ ಹೆಣ್ಣು ಕೊಡದವರು, ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದವರು. ಅಂಥವರನ್ನು ಒಂದು ಊರಾಗಿ ಹಿಡಿದು ನಿಲ್ಲಿಸಿದ್ದು ಯಾವುದು?

ಇದಕ್ಕೆ ಮೊದಲನೆಯ ಉತ್ತರವನ್ನು ಕಣದಲ್ಲಿ ಹುಡುಕಬೇಕು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ, ನಮ್ಮ ಒಂದೊಂದು ಹಳ್ಳಿಯೂ ಒಂದೊಂದು ಪುಟ್ಟ ಗಣರಾಜ್ಯವೆಂದು ಹೇಳಿ, ಅದರ ಹನ್ನೆರಡು ಮಂದಿ ಆಯಗಾರರನ್ನು ಎಣಿಸಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಇವರು ಸ್ಥೂಲವಾಗಿ ಆ ಹನ್ನೆರಡು ಮಂದಿ. ಇವರಲ್ಲಿ ಕೈಕೆಲಸದವರಿಗೆ ಕೆಲಸಕ್ಕೆ ಇಷ್ಟೆಂದು ಕಾಸು ಕೊಡುವ ಪದ್ಧತಿಯಿರಲಿಲ್ಲ. ವರ್ಷವಿಡೀ ನೇಗಿಲು ಮಾಡಿ, ಕುಳ ತಟ್ಟಿ, ಬಟ್ಟೆ ಒಗೆದು, ಕ್ಷೌರ ಮಾಡಿ, ಸುಗ್ಗಿಯಲ್ಲಿ ರಾಶಿಯ ಮುಂದೆ ಬಂದು ನಿಂತರೆ ಅವರವರ ಪಾಲಿನ ರಾಗಿಯೋ ಬತ್ತವೋ ಕೊಳಗದಲ್ಲಿ ಅಳೆದು ಬೀಳುತ್ತಿತ್ತು. ಇದಕ್ಕೆ ಹಡದೆ ಎಂದು ಹೆಸರು. ಕಮ್ಮಾರನು ಇಂದು ನೇಗಿಲಗುಳವನ್ನು ತಟ್ಟಿದ್ದಕ್ಕೆ ಫಲವು ಆರು ತಿಂಗಳ ಮೇಲೆ, ಅದೂ ಮಳೆ ಬಂದರೆ. ಆದುದರಿಂದ ಒಕ್ಕಲಿನವನ ಬೆಳೆ ಕಮ್ಮಾರನ ಬೆಳೆಯೂ ಆಗಿದ್ದಿತು. ಅದು ಕೆಡದಂತೆ ಹಾರೈಸುವುದು ಅಗಸನ ಸ್ವಾರ್ಥವೂ ಆಗಿದ್ದಿತು.

ಕೆರೆಯು ಇದಕ್ಕಿಂತ ಬಿಗಿಯಾದ ಕಟ್ಟು. ಕಾಲುವೆಗಳು ಬರುವುದಕ್ಕೆ ಮುಂಚೆ ಈ ಸೀಮೆಯ ಗದ್ದೆಗಳಿಗೆ ಕೆರೆಯೇ ಗತಿ. ಏರಿ ಒಡೆದರೆ ಬಡವನ ಗದ್ದೆ, ಬಲ್ಲಿದನ ಗದ್ದೆ ಎಂದು ನೋಡದೆ ನೀರು ಎರಡನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹೂಳೆತ್ತುವುದಕ್ಕೆ, ಏರಿಗೆ ಮಣ್ಣು ಹಾಕುವುದಕ್ಕೆ ಮನೆಗೊಂದು ಆಳು ಬರಬೇಕು. ನೀರು ಹಂಚುವುದಕ್ಕೆ ನೀರುಗಂಟಿಯಿದ್ದನು. ಬರಗಾಲದಲ್ಲಿ ಅವನ ಗುದ್ದಲಿಯ ಒಂದು ಏಟು ಒಬ್ಬನ ವರ್ಷದ ಅನ್ನವನ್ನು ನಿರ್ಣಯಿಸುತ್ತಿತ್ತು. ಅಷ್ಟು ಅಧಿಕಾರವನ್ನು ಗೌಡನ ಮನೆಯವನಿಗೆ ಕೊಡದೆ, ಬಹುಕಡೆಗಳಲ್ಲಿ ಸಾಮಾನ್ಯ ಕುಲದ ಒಬ್ಬ ಊಳಿಗದವನಿಗೆ ಕೊಟ್ಟಿದ್ದುದರಲ್ಲಿ ಊರಿನ ಹಿರಿಯರ ಜಾಣತನವು ಕಾಣುತ್ತದೆಂದು ನಮ್ಮ ಭಾವನೆ. ಸ್ವಂತ ಗದ್ದೆ ಹೆಚ್ಚಾಗಿ ಇಲ್ಲದವನಿಗೆ ನೀರಿನ ಆಸೆಯೂ ಕಡಮೆ.

ಇನ್ನು ಒಕ್ಕಲಿಗರೊಳಗೇ ಮುಯ್ಯಾಳಿನ ಪದ್ಧತಿಯಿದ್ದಿತು. ಇಂದು ನನ್ನ ನಾಟಿಗೆ ನೀನು ಬಾ, ನಾಳೆ ನಿನ್ನ ನಾಟಿಗೆ ನಾನು ಬರುತ್ತೇನೆ; ಲೆಕ್ಕ ಬರೆಯುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಮದುವೆಯಲ್ಲಿ ಕೊಡುವ ಮುಯ್ಯಿಯೂ ಹಾಗೆಯೇ ಸಾಲವೂ ಹೌದು, ಉಡುಗೊರೆಯೂ ಹೌದು. ಪಟ್ಟಣದಲ್ಲಿರುವ ನಾವು ಇಂಥ ಋಣಗಳನ್ನು ಬೇಗ ತೀರಿಸಿ ಹಗುರಾಗಬೇಕೆಂದು ಬಯಸುತ್ತೇವೆ. ಹಳ್ಳಿಯಲ್ಲಾದರೋ ಋಣವು ಪೂರ್ತಿಯಾಗಿ ತೀರಿತೆಂದರೆ ಸಂಬಂಧವೇ ಹರಿಯಿತೆಂದು ಅರ್ಥ.

ಕಟ್ಟನ್ನು ಮೀರಿದವನ ಗತಿಯೇನು? ಚಿಕ್ಕ ತಪ್ಪುಗಳಿಗೆ ಚಾವಡಿಯಲ್ಲಿಯೋ ಕಟ್ಟೆಯ ಮೇಲೆಯೋ ನ್ಯಾಯ ಸೇರಿ ಎಲೆ ಅಡಕೆಯೊಡನೆ ತಪ್ಪುಗಾಣಿಕೆಯನ್ನು ಇಡಿಸಿ, ಅಡ್ಡಬೀಳಿಸಿ, ಮುಗಿಸುತ್ತಿದ್ದರು. ಕುಲದ ನಡತೆಗೆ ಸೇರಿದ ವ್ಯಾಜ್ಯವು ಊರಿನಲ್ಲಿ ಬಗೆಹರಿಯದಿದ್ದರೆ ಹಲವು ಊರುಗಳಿಗೆ ಸೇರಿದ ಕಟ್ಟೆಮನೆಗೆ ಹೋಗುತ್ತಿತ್ತು. ಎಲ್ಲಕ್ಕೂ ಕಡೆಯ ಅಸ್ತ್ರವೆಂದರೆ ಬಹಿಷ್ಕಾರ. ಅದನ್ನು ಹಾಕಿದ ಮನೆಗೆ ಬೆಂಕಿಯಿಲ್ಲ, ನೀರಿಲ್ಲ. ಅಗಸನು ಬಟ್ಟೆ ಒಯ್ಯುವುದಿಲ್ಲ, ನಾಯಿಂದನು ಬರುವುದಿಲ್ಲ. ಆ ಮನೆಯಲ್ಲಿ ಸತ್ತರೆ ಹೊರುವವರಿಲ್ಲ. ಸರ್ಕಾರದ ಸೆರೆಮನೆಗಿಂತಲೂ ಜನರು ಇದಕ್ಕೆ ಹೆದರುತ್ತಿದ್ದುದು ಆಶ್ಚರ್ಯವಲ್ಲ. ಒಬ್ಬನಿಗೆ ಅನ್ನವನ್ನು ಉಣ್ಣಿಸುತ್ತಿದ್ದ ಅದೇ ಹನ್ನೆರಡು ಕೈಗಳು ಒಟ್ಟಿಗೆ ಹಿಂದಕ್ಕೆ ಸರಿದರೆ ಅವನು ಎಲ್ಲಿ ನಿಲ್ಲಬೇಕು?

ಇಲ್ಲಿಯವರೆಗೆ ನಾವು ಕಟ್ಟೆಯ ಮೇಲೆ ಕುಳಿತವರ ಕಣ್ಣಿನಿಂದ ಊರನ್ನು ನೋಡಿದ್ದಾಯಿತು. ಕಟ್ಟೆಯಿಂದ ದೂರದಲ್ಲಿ, ಕೇರಿಯಲ್ಲಿ, ನಿಂತು ನೋಡಿದರೆ ಅದೇ ಊರು ಬೇರೆಯಾಗಿ ಕಾಣುತ್ತದೆ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಲ್ಲಿ ಒಬ್ಬನು, ಕುಳವಾಡಿ, ಊರಿನ ಊಳಿಗಕ್ಕೆ ಅನಿವಾರ್ಯನಾಗಿದ್ದನು. ಮೈಸೂರಿನ ಕಮಿಷನರಿಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿಯು ೧೮೭೩ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇವನ ವಿಷಯವಾಗಿ ಬರೆದುದು ಮನನೀಯವಾಗಿದೆ. ಎರಡು ಊರುಗಳಿಗೆ ಎಲ್ಲೆಯ ವ್ಯಾಜ್ಯ ಬಂದರೆ ಕುಳವಾಡಿಯ ತೀರ್ಮಾನವೇ ತೀರ್ಮಾನ. ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯ ಮೇಲೆ ನಡೆಯುವನು. ಸರಿಯಾದ ಎಲ್ಲೆಯಲ್ಲಿ ನಡೆದರೆ ಉಂಡೆಯು ನಿಲ್ಲುವುದೆಂದೂ, ತಪ್ಪಿ ನಡೆದರೆ ಅದು ತಾನಾಗಿ ಬಿರಿದು ಚೂರಾಗುವುದೆಂದೂ ಜನರ ನಂಬಿಕೆ. ಬಲಗೈ ಪಂಗಡದ ಲಾಂಛನವಾದ ಗಂಟೆ ಬಟ್ಟಲನ್ನು ಹೊರುವ ಹಕ್ಕೂ ಇದೇ ಕುಲದ ಚಲವಾದಿಯದು.

ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಊರಿನ ಗೌಡನೂ ಶಾನುಭೋಗನೂ ಹಿಂದೆ ನಡೆಯುತ್ತಿದ್ದಾರೆ. ಮುಂದೆ ಕುಳವಾಡಿಯು ಊರಿನ ಮಣ್ಣನ್ನು ಹೊತ್ತು ನಡೆಯುತ್ತಿದ್ದಾನೆ. ಅವನು ಕಾಲಿಟ್ಟಲ್ಲಿ ಊರು ಮುಗಿಯುತ್ತದೆ. ವ್ಯಾಜ್ಯವು ತೀರಿದ ಸಾಯಂಕಾಲ ಅವನು ಆ ಊರಿನ ಗುಡಿಯೊಳಕ್ಕೆ ಬರುವಂತಿಲ್ಲ, ಬಾವಿಯ ನೀರನ್ನು ಸೇದುವಂತಿಲ್ಲ. ಈ ನೆಲದಲ್ಲಿ ಅವನ ಪೂರ್ವಿಕರೇ ಮೊದಲಿನವರಿರಬೇಕು, ಅದರಿಂದಲೇ ಎಲ್ಲೆಯ ಮಾತು ಅವನದಾಯಿತು ಎಂದು ಕೆಲವರು ಊಹಿಸಿದ್ದಾರೆ. ಊಹೆಯು ನಿಜವಾದರೆ ಅವನ ಸ್ಥಿತಿಯು ಇನ್ನಷ್ಟು ಶೋಚನೀಯವೆಂದೇ ಹೇಳಬೇಕು.

ಮಂಡ್ಯದ ಸೀಮೆಯಲ್ಲಿ ಒಕ್ಕಲಿಗರ ಮನೆಗಳಿಗೆ ತಲೆತಲಾಂತರದಿಂದ ಕಟ್ಟುಬಿದ್ದು ದುಡಿಯುತ್ತಿದ್ದ ಆದಿಕರ್ನಾಟಕ ಕುಟುಂಬಗಳಿಗೆ 'ಹಳೆಮಕ್ಕಳು' ಎಂದು ಹೆಸರು. ಮಕ್ಕಳು ಎಂಬ ಮಾತಿನಲ್ಲಿ ವಾತ್ಸಲ್ಯವಿದೆ. ಎಂದೆಂದಿಗೂ ದೊಡ್ಡವರಾಗದ ಮಕ್ಕಳು ಎಂಬ ಧ್ವನಿಯೂ ಇದೆ. ಸೊಮಾಲಿಗಳಲ್ಲಿಯೂ ಇಂಥ ಏರ್ಪಾಡು ಇದ್ದುದನ್ನು ಇಲ್ಲಿ ಸ್ಮರಿಸಬಹುದು. ಕಬ್ಬಿಣದ ಕೆಲಸದ ತುಮಾಲರು, ತೊಗಲಿನ ಕೆಲಸದ ಮಿದ್ಗಾನರು ಮೊದಲಾದವರನ್ನು ಕುಲೀನರು ತಮ್ಮ ವಂಶಾವಳಿಗೆ ಸೇರಿಸದೆ, ಹೆಣ್ಣು ಕೊಡದೆ, ಆಶ್ರಿತರೆಂದು ಇರಿಸಿಕೊಂಡಿದ್ದರು. ರಕ್ತದಿಂದ ಕಟ್ಟಿದ ಕೂಟಕ್ಕೂ ನೆಲದಿಂದ ಕಟ್ಟಿದ ಕೂಟಕ್ಕೂ ಈ ಒಂದು ವಿಷಯದಲ್ಲಿ ಭೇದ ಕಾಣದಿರುವುದು ನಮ್ಮನ್ನು ಚಿಂತೆಗೆ ಹಚ್ಚುತ್ತದೆ.

ಊರಿನ ಕಟ್ಟಿಗೆ ಹೊರತಾಗಿ ಇನ್ನೊಂದು ಬಗೆಯ ಕೂಟವನ್ನು ಇದೇ ಸೀಮೆಯ ಜನರು ಕಟ್ಟಿಕೊಂಡರು. ಅದು ಮಂಟೇಸ್ವಾಮಿಯ ಒಕ್ಕಲು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಮಠದ ಒಡೆತನ ಅರಸು ಮನೆತನದವರದು. ಶಿಷ್ಯನಾದ ಸಿದ್ಧಪ್ಪಾಜಿಯು ಮದ್ದೂರಿನ ಕಡೆಯ ನಿಡುಘಟ್ಟದ ಕಮ್ಮಾರರ ಮನೆಯ ಮಗನೆಂದು ಕಥೆ. ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗಾಗಿ ಅವನು ಹಲಗೂರಿನ ಪಾಂಚಾಳರ ಬಳಿಗೆ ಹೋಗಿ, ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದ ಪ್ರಸಂಗವನ್ನು ನೀಲಗಾರರು ತಂಬೂರಿಯನ್ನು ಮೀಟುತ್ತ ರಾತ್ರಿಯೆಲ್ಲ ಹಾಡುತ್ತಾರೆ. ಹಲಗೂರು ಮಳವಳ್ಳಿ ತಾಲ್ಲೂಕಿನ ಊರೇ. ನೀಲಗಾರರ ದೀಕ್ಷೆಗೆ ಒಂದೇ ಕುಲದ ಕಟ್ಟಿಲ್ಲ. ಆದಿಕರ್ನಾಟಕರು, ಒಕ್ಕಲಿಗರು, ಕುರುಬರು, ಉಪ್ಪಾರರು ಎಲ್ಲರಲ್ಲಿಯೂ ಮಂಟೇಸ್ವಾಮಿಯ ಒಕ್ಕಲಿನವರಿದ್ದಾರೆ.

ಕಾವೇರಿಯಾಚೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಜಾತ್ರೆಯು ಚಂದ್ರಮಂಡಲದ ಬೆಳಕಿನೊಡನೆ ಮೊದಲಾಗಿ ಐದು ದಿನ ನಡೆಯುತ್ತದೆ. ಜನರು ಬಯಲಿನಲ್ಲಿ ಬಿಡಾರ ಹೂಡಿ, ಅಡುಗೆ ಮಾಡಿ, ಕುಲಭೇದವೆಣಿಸದೆ ಸಾಲಾಗಿ ಕುಳಿತು ಉಣ್ಣುವುದಕ್ಕೆ ಪಂಕ್ತಿಸೇವೆ ಎನ್ನುತ್ತಾರೆ. ಊರಿನಲ್ಲಿ ಜಗಲಿಯ ಕೆಳಗೆ ನಿಲ್ಲಬೇಕಾಗಿದ್ದವನು ಜಾತ್ರೆಯ ಬಯಲಿನಲ್ಲಿ ಪಂಕ್ತಿಯಲ್ಲಿ ಕುಳಿತನು. ಜಾತ್ರೆ ಮುಗಿದ ಮೇಲೆ ಅವನು ಹಿಂದಿರುಗಿದ್ದು ತನ್ನ ಕೇರಿಗೇ ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಆದರೂ ನೂರಾರು ವರ್ಷ ಆ ಪಂಕ್ತಿಯನ್ನು ಬಿಡದೆ ನಡೆಸಿಕೊಂಡು ಬಂದವರಿಗೆ ಊರಿನ ಕಟ್ಟು ಒಂದೇ ಕಟ್ಟಲ್ಲವೆಂಬ ಅರಿವಿದ್ದಿತೆಂದು ನಾವು ತಿಳಿಯಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಊರೊಟ್ಟಿಗೆ ಎರಡು ಹೊಸ ಪರೀಕ್ಷೆಗಳು ಬಂದುವು. ಒಂದು ರಾಜಕೀಯದ್ದು. ೧೯೩೮ನೆಯ ಏಪ್ರಿಲ್ ೧೧ರಂದು ಮದ್ದೂರಿನ ಬಳಿ ಶಿಂಷಾ ನದಿಯ ದಡದಲ್ಲಿರುವ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಎತ್ತಿ ಸೆರೆಯಾದರು. ಸುತ್ತಮುತ್ತಿನ ಹಳ್ಳಿಗಳಿಂದ ಸಾವಿರಾರು ಜನ ಗಾಡಿ ಕಟ್ಟಿಕೊಂಡೂ ನಡೆದೂ ಅಲ್ಲಿಗೆ ಬಂದಿದ್ದರು. ಕೆರೆಯ ಏರಿಗೆ ಮನೆಗೊಂದು ಆಳು ಬರುತ್ತಿದ್ದ ಅಭ್ಯಾಸವೇ ಈ ಸಭೆಗೂ ಆಳುಗಳನ್ನು ಕಳುಹಿಸಿತೆಂದರೆ ತಪ್ಪಾಗಲಾರದು. ಊರೊಟ್ಟು ಮೊದಲ ಬಾರಿಗೆ ಊರಿನ ಎಲ್ಲೆಯನ್ನು ದಾಟಿ ದೇಶದ ಮಾತನ್ನು ಆಡಿತು.

ಎರಡನೆಯ ಪರೀಕ್ಷೆ ನೀರಿನದು. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಯು ೧೯೩೦ರ ದಶಕದಲ್ಲಿ ಮಂಡ್ಯದ ಹೊಲಗಳನ್ನು ಗದ್ದೆ ಮಾಡಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಿತು. ೧೯೩೯ರಲ್ಲಿ ಮಂಡ್ಯವು ಜಿಲ್ಲೆಯಾಯಿತು. ಹಣದ ಬೆಳೆ ಬಂದ ಮೇಲೆ ಹಳೆಯ ಕಟ್ಟು ಸಡಿಲುವುದೆಂದು ಯಾರೂ ಊಹಿಸಬಹುದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳನ್ನು ಪರಿಶೀಲಿಸಿ, ೧೯೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಊಹೆಗೆ ವಿರುದ್ಧವಾದ ಸಂಗತಿಯನ್ನು ತೋರಿಸಿಕೊಟ್ಟರು. ಊರಿನ ನಿಜವಾದ ಹೆಸರುಗಳನ್ನು ಮರೆಸಿ ಅವಕ್ಕೆ ವಂಗಲ, ದಲೇನ ಎಂಬ ಹೆಸರುಗಳನ್ನು ಇಟ್ಟಿದ್ದಾರೆ. ನಾಲೆಯ ನೀರು ಹರಿದ ವಂಗಲದಲ್ಲಿ ಜನರು ಬೇಸಾಯದಲ್ಲೇ ನಿಂತರು; ಹಡದೆ, ಹಳೆಮಕ್ಕಳು, ಗೌಡಿಕೆ ಎಲ್ಲವೂ ಹೆಚ್ಚುಕಡಮೆ ಹಾಗೆಯೇ ಉಳಿದುವು. ಎತ್ತರದಲ್ಲಿದ್ದು ನೀರು ಏರದೆ ಉಳಿದ ದಲೇನದ ಜನರು ಕಾರ್ಖಾನೆಗೂ ಪಟ್ಟಣದ ನೌಕರಿಗೂ ವ್ಯಾಪಾರಕ್ಕೂ ಹೊರಟರು. ಅಲ್ಲಿ ಹಳೆಯ ಕಟ್ಟು ಕಳಚಿಬಿದ್ದಿತು. ಪಟ್ಟಣವು ಅಸಬಿಯ್ಯವನ್ನು ಕರಗಿಸುವುದೆಂದ ಖಲ್ದೂನನ ಮಾತು ಇಲ್ಲಿ ಅರ್ಧ ನಿಜವಾಯಿತು. ಸುಖವು ಕರಗಿಸುವುದೆಂಬುದು ಮಾತ್ರ ಸುಳ್ಳಾಯಿತು. ಹಣ ಕಂಡ ವಂಗಲವೇ ಹಳೆಯ ಕಟ್ಟನ್ನು ಉಳಿಸಿಕೊಂಡಿತು.

ಆ ಕಟ್ಟಿನ ಬಲವನ್ನು ವಂಗಲದ ಆದಿಕರ್ನಾಟಕರು ಬೇಗನೆ ಅನುಭವಿಸಬೇಕಾಯಿತು. ಅವರು ಒಂದು ನಾಟಕವನ್ನು ಆಡಿದರು. ಅದರಲ್ಲಿ ರಾಜನ ವೇಷದವನು ಸಿಂಹಾಸನದ ಮೇಲೆ ಕುಳಿತನು. ಕೇರಿಯವನು ತಮ್ಮ ಎದುರಿಗೆ ಎತ್ತರದಲ್ಲಿ ಕುಳಿತದ್ದು ಒಕ್ಕಲಿಗರಿಗೆ ಸಹಿಸಲಿಲ್ಲ. ಅವರೆಲ್ಲ ಸೇರಿ ಕೇರಿಯವರನ್ನು ಕೂಲಿಗೆ ಕರೆಯುವುದನ್ನೇ ನಿಲ್ಲಿಸಿದರು. ಬಹಿಷ್ಕಾರವೆಂಬ ಹಳೆಯ ಅಸ್ತ್ರವು ಕಬ್ಬಿನ ಗದ್ದೆಯಲ್ಲಿ ಕೂಲಿಯ ನಿಷೇಧವಾಗಿ ಮರುಹುಟ್ಟು ಪಡೆಯಿತು. ಇದಕ್ಕೆ ಕೆಲವು ವರ್ಷ ಮುಂಚೆ, ೧೯೪೮ನೆಯ ನವೆಂಬರ್ ೪ರಂದು, ರಾಜ್ಯಾಂಗ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಹಳ್ಳಿಯನ್ನು ಗಣರಾಜ್ಯವೆಂದು ಹೊಗಳುವವರನ್ನು ಖಂಡಿಸಿದ್ದರು. ಹಳ್ಳಿಯು ಸಂಕುಚಿತ ಬುದ್ಧಿಯ, ಅಜ್ಞಾನದ ಗುಹೆಯೆಂಬುದು ಅವರ ವಾದ. ವಿಲ್ಕ್ಸನು ಹನ್ನೆರಡು ಆಯಗಾರರನ್ನು ಎಣಿಸಿದ್ದು ಚಾವಡಿಯ ಕಡೆಯಿಂದ; ಅಂಬೇಡ್ಕರರು ನೋಡಿದ್ದು ಕೇರಿಯ ಕಡೆಯಿಂದ.

ಹಾಗೆಂದು ಕಟ್ಟು ಹರಿದುದರಿಂದ ಕೇರಿಗೆ ಕೇವಲ ಲಾಭವಾಯಿತೆಂದೂ ಹೇಳುವಂತಿಲ್ಲ; ಈ ಸೂಕ್ಷ್ಮವನ್ನೂ ಎಪ್‌ಸ್ಟೈನರೇ ಗುರುತಿಸಿದರು. ಹಡದೆಯ ಪ್ರಮಾಣವು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರಲಿಲ್ಲ. ಬೆಳೆ ಚೆನ್ನಾಗಿ ಬಂದರೆ ಉಳಿದದ್ದೆಲ್ಲ ಒಕ್ಕಲಿಗನಿಗೆ. ಬೆಳೆ ಕೆಟ್ಟರೂ ಆಳಿನ ಪಾಲು ಮೊದಲಿನಷ್ಟೇ. ಆದುದರಿಂದ ಬರದ ವರ್ಷದಲ್ಲಿ ಒಡೆಯನ ಮನೆಯ ಗಂಜಿಗೂ ಆಳಿನ ಮನೆಯ ಗಂಜಿಗೂ ಅಂತರ ಬಹಳವಿರುತ್ತಿರಲಿಲ್ಲ. ಅವಮಾನದೊಡನೆ ಬಂದ ಒಂದು ಭದ್ರತೆ ಅದು. ಸೊಮಾಲಿ ದೇಶದಲ್ಲಿಯೂ ಇಂಥ ಇಬ್ಬಗೆ ಕಂಡಿತು. ೧೯೯೧ರಲ್ಲಿ ಸಿಯಾದ್ ಬರ್ರೆಯ ಸರ್ಕಾರ ಉರುಳಿದಾಗ ಮೊಗದಿಶುವಿನಲ್ಲಿ ಕುಲಕುಲಗಳು ಬಂದೂಕು ಹಿಡಿದು ಪಟ್ಟಣವನ್ನೇ ಸುಟ್ಟುವು. ಬಡಗಣ ಭಾಗದ ಬೊರಾಮ ಎಂಬ ಊರಿನಲ್ಲಿಯಾದರೋ ೧೯೯೩ರಲ್ಲಿ ಅಂಥವೇ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕುಳಿತು ಮಾತಾಡಿ, ಶಾಂತಿಯನ್ನೂ ಒಂದು ಸರ್ಕಾರವನ್ನೂ ಕಟ್ಟಿಕೊಂಡರು.

ನಮ್ಮಲ್ಲಿ ವಂಶಪಾರಂಪರ್ಯವಾದ ಗೌಡಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿ ಮತ್ತು ನೀರುಗಂಟಿಯ ಊಳಿಗಗಳನ್ನು ೧೯೬೧ರ ಕಾನೂನು ರದ್ದುಮಾಡಿತು. ೧೯೭೦ರಲ್ಲಿ ಎಪ್‌ಸ್ಟೈನರು ವಂಗಲಕ್ಕೆ ಮರಳಿ ಬಂದಾಗ ಅಲ್ಲಿಯ ಕಟ್ಟೂ ಸಡಿಲಿತ್ತು. ಉಳ್ಳವರ ಸಿರಿ ಬೆಳೆದಿತ್ತು. ಕೂಲಿಯವರಿಗೆ ಹಳೆಯ ಕೊಳಗದ ಪಾಲು ನಿಂತುಹೋಗಿ, ಬರದ ವರ್ಷದ ಆಸರೆಯೂ ಅದರೊಡನೆ ಹೋಗಿತ್ತು. ಕಬ್ಬು ಕಡಿಯುವ ದಿನ ಕೂಲಿಯವನು ದರವನ್ನು ಕೇಳಬಹುದಾಗಿತ್ತು. ಕಬ್ಬಿಲ್ಲದ ದಿನ ಅವನನ್ನು ಕೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.